ಗೋಡೆಗೆ ಅಂಟಿಸಿದ್ದ ಸಾರಿನ ಪುಡಿಯ ಅಳತೆ

ನಮ್ಮದು ತುಮಕೂರಿನಲ್ಲಿ ಸಾರಿನ ಪುಡಿ, ಹುಳಿಪುಡಿ ಮಾಡುವ ಸಣ್ಣ ಯೂನಿಟ್. ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಮೆಂತ್ಯ, ಇಂಗು ನಮಗೂ ಪಕ್ಕದವರಿಗೂ ಒಂದೇ ರೇಟಿಗೆ ಸಿಗುತ್ತವೆ. ಮಿಷನ್ನೂ ಅದೇ. ಆದರೂ ಜನ ನಮ್ಮ ಪ್ಯಾಕೆಟ್ಟನ್ನೇ ಕೇಳಿ ತಗೊಳ್ಳುತ್ತಾರೆ ಅಂದ್ರೆ, ನಮ್ಮತ್ತೆ ಕಲಿಸಿದ ಅಳತೆ ಮತ್ತು ಯಾವುದನ್ನು ಎಷ್ಟು ಹೊತ್ತು ಹುರಿಯಬೇಕು ಅನ್ನುವ ಹದ, ಅಷ್ಟೇ ಕಾರಣ. ಶೆಡ್ಡು ಬಾಡಿಗೆಯದು, ಮಿಷನ್ ಮೇಲೆ ಸಾಲ ಇದೆ. ಸ್ವಂತ ಆಸ್ತಿ ಅಂತ ಇರುವುದು ಆ ಅಳತೆಯೊಂದೇ.

ಅದನ್ನು ನಾನು ತಕ್ಕಡಿ ಪಕ್ಕದ ಗೋಡೆಗೆ ಅಂಟಿಸಿದ್ದೆ. ದೊಡ್ಡ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಕವರ್ ಹಾಕಿ, ಯಾರೂ ತೂಕ ತಪ್ಪಬಾರದು ಅಂತ.

2019ರಲ್ಲಿ, 4 ವರ್ಷ ಜೊತೆಗಿದ್ದ ಹುಡುಗ ಕೆಲಸ ಬಿಟ್ಟ. ಮೂರು ತಿಂಗಳಾಗಿತ್ತೇನೋ, ಬೇರೆ ಹೆಸರಿನ ಪ್ಯಾಕೆಟ್ ಅಂಗಡಿಗಳಲ್ಲಿ ಕಾಣಿಸಿತು. ತಂದು ಸಾರು ಮಾಡಿದೆ. ಒಂದು ತುತ್ತು ಬಾಯಿಗಿಟ್ಟ ಅತ್ತೆ ಏನೂ ಮಾತಾಡದೆ ತಟ್ಟೆ ಸರಿಸಿದರು. ಆ ವರ್ಷ 11 ಅಂಗಡಿಗಳು ನಮ್ಮ ಕೈ ಬಿಟ್ಟವು.

ವಕೀಲರ ಹತ್ತಿರ ಹೋದೆ. "ಇದು ಗುಟ್ಟು ಅಂತ ಅವನಿಗೆ ಯಾವಾಗಾದರೂ ಹೇಳಿದ್ರೇನಮ್ಮಾ? ಏನಾದರೂ ಬರೆಸಿಕೊಂಡಿದ್ದೀರಾ?" ಇಲ್ಲ. ಗೋಡೆ ಮೇಲಿನ ಕಾಗದದ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು.

ವ್ಯಾಪಾರದ ಗುಟ್ಟಿಗೆ ಅಂತಲೇ ಒಂದು ಕಾಯ್ದೆ ನಮ್ಮ ದೇಶದಲ್ಲಿಲ್ಲ. ಬೇಕು ಅಂತ, ಕೇಂದ್ರ ಸರ್ಕಾರಕ್ಕೆ ಕಾನೂನಿನ ಸಲಹೆ ಕೊಡುವ ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ 289ನೇ ವರದಿ ಕೊಟ್ಟಿದೆ. ಆಗ ಅದರ ಅಧ್ಯಕ್ಷರಾಗಿದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ಸದ್ಯಕ್ಕೆ ಕೈಗೆ ಬರುವುದು ಕರಾರು, ಮತ್ತು ನಂಬಿ ಹೇಳಿದ್ದನ್ನು ದುರುಪಯೋಗ ಮಾಡಿದರೆ ಕೋರ್ಟು ಕೊಡುವ ತಡೆಯಾಜ್ಞೆ. ಅದಕ್ಕೂ ಮೊದಲು ಕೋರ್ಟು ನೋಡುವುದು, ಇದು ನಿಜಕ್ಕೂ ಗುಟ್ಟಾ, ಗುಟ್ಟಾಗಿದೆ ಅಂತಲೇ ಇದಕ್ಕೆ ಬೆಲೆ ಇದೆಯಾ, ಕಾಪಾಡೋಕೆ ನೀವೇನು ಮಾಡಿದ್ರಿ ಅಂತ. ನಾನು ಏನೂ ಮಾಡಿರಲಿಲ್ಲ. ಪೇಟೆಂಟ್ ಸಿಗುತ್ತಾ ಅಂತ ಕೇಳಿದೆ, ಬರೀ ಮಿಶ್ರಣಕ್ಕೆ ಪೇಟೆಂಟ್ ಕಾಯ್ದೆಯ 3(ಇ) ಸೆಕ್ಷನ್ ಅಡ್ಡ ಬರುತ್ತೆ ಅಂದರು. ಸಿಕ್ಕಿದ್ದರೂ ಅಳತೆ ಬಹಿರಂಗ ಮಾಡಬೇಕು, 20 ವರ್ಷ ಆದಮೇಲೆ ಅದು ಎಲ್ಲರದು.

ಮನೆಗೆ ಬಂದು ಮೊದಲು ಕಾಗದ ಕಿತ್ತೆ. ಈಗ ಮೆಣಸಿನಕಾಯಿ, ಧನಿಯಾ ಶೆಡ್ಡಿನಲ್ಲೇ ಹುರಿಯುತ್ತಾರೆ. ಮರಾಠಿ ಮೊಗ್ಗು, ಕಲ್ಲುಹೂವು, ಚಕ್ಕೆ ಥರದ್ದೆಲ್ಲ ನಾನು ಮನೆಯಲ್ಲೇ ಹುರಿದು, ತೂಗಿ, "3" ಅಂತ ಬರೆದ ಚೀಲದಲ್ಲಿ ಕಳಿಸುತ್ತೇನೆ. ಒಂದು ಸಲ ಪುಡಿ ಮಾಡೋಕೆ ಒಂದು ಚೀಲ, ಅಷ್ಟೇ ಅವರಿಗೆ ಗೊತ್ತು. ಆ ಸಾಮಾನಿನ ಬಿಲ್ಲುಗಳೂ ಮನೆಯ ಬೀರುವಿನಲ್ಲೇ, ಯಾಕೆಂದರೆ ತಿಂಗಳಿಗೆ ಎಷ್ಟು ಕೆಜಿ ತಂದಿದ್ದೀವಿ ಅಂತ ನೋಡಿದರೆ ಲೆಕ್ಕ ಬಲ್ಲವರು ಅಳತೆ ಹಿಡಿದುಬಿಡುತ್ತಾರೆ. ಲೇಬಲ್ ಮೇಲೆ 14 ಸಾಮಾನಿನ ಹೆಸರನ್ನೂ, ಜಾಸ್ತಿ ಇರುವುದು ಮೊದಲು ಅನ್ನೋ ಕ್ರಮದಲ್ಲಿ ಹಾಕಲೇಬೇಕು, ಹಾಕಿದ್ದೇವೆ. ಗ್ರಾಂ ಲೆಕ್ಕ ಕೊಡಬೇಕಿಲ್ಲ. ಯಾರಾದರೂ ತಿಂದು ನೋಡಿ, ನಾಲಿಗೆಯಲ್ಲೇ ಹಿಡಿದು ತಾವೇ ಮಾಡಿಕೊಂಡರೆ ಅದು ಅವರ ಜಾಣತನ, ಅದರಲ್ಲಿ ತಕರಾರಿಲ್ಲ.

ಕರಾರು ಬರೆಸುವಾಗ ಕೋಪ ಇನ್ನೂ ಆರಿರಲಿಲ್ಲ. ಕೆಲಸ ಬಿಟ್ಟವರು ಎರಡು ವರ್ಷ ಯಾವ ಮಸಾಲೆ ಯೂನಿಟ್ಟಿಗೂ ಸೇರಬಾರದು ಅಂತ ಸೇರಿಸಿ ಅಂದೆ. ವಕೀಲರು ಆ ಸಾಲು ಹೊಡೆದು ಹಾಕಿದರು: 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅದು ನಿಲ್ಲಲ್ಲ. ಆಮೇಲೆ ಯೋಚಿಸಿದರೆ ಸರಿ ಅನ್ನಿಸಿತು. ಹುರಿಯುವ ಕೈಚಳಕ ಅವರದು, ಅದರಿಂದಲೇ ಅವರ ಹೊಟ್ಟೆ ತುಂಬಬೇಕು. ನಮ್ಮದು ಅಳತೆ, ಅಷ್ಟು ಮಾತ್ರ. ಈಗ ಕರಾರು ಕನ್ನಡದಲ್ಲಿ ಒಂದೇ ಪುಟ ಇದೆ. ಸೇರುವ ದಿನ ನಾನೇ ಓದಿ ಹೇಳಿ, ಯಾವುದು ಗುಟ್ಟು, ಯಾವುದಲ್ಲ ಅಂತ ತಿಳಿಸಿ, ಸಹಿ ಹಾಕಿಸಿಕೊಂಡು ಅವರಿಗೂ ಒಂದು ಪ್ರತಿ ಕೊಡುತ್ತೇನೆ.

ಹೋದ ವರ್ಷ ಮದುವೆಯಾಗಿ ಹಾಸನಕ್ಕೆ ಹೋದ ಹುಡುಗಿ ಅಲ್ಲೂ ಮಸಾಲೆ ಯೂನಿಟ್ಟಿಗೇ ಸೇರಿದಳು. ದೀಪಾವಳಿಗೆ ಬಂದಿದ್ದಳು. ಕಾಫಿ ಕುಡಿಯುತ್ತಾ, "ಅಕ್ಕಾ, ಅಲ್ಲಿ ಧನಿಯಾಗೆ ಏನು ಮಾಡ್ತಾರೆ ಗೊತ್ತಾ" ಅಂತ ಶುರು ಮಾಡಿದಳು.

"ಬೇಡ ಕಣೇ, ಅದು ಅವರದು" ಅಂದೆ. ಲೋಟ ಹಿಡಿದುಕೊಂಡೇ ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ಅತ್ತೆಮನೆ ಸುದ್ದಿ ತೆಗೆದಳು.