ಮಳೆಗಾಲದಲ್ಲಿ ಘಾಟಿ ಇಳಿಯುವಾಗ ನಾನು ಪಾಲಿಸುವ ಕ್ರಮ

ಸಕಲೇಶಪುರ ದಾಟಿ ಶಿರಾಡಿಗೆ ಇಳಿಯುವ ಮುನ್ನ, ಕೊಟ್ಟಿಗೆಹಾರದಿಂದ ಚಾರ್ಮಾಡಿಯತ್ತ ಹೊರಡುವ ಮುನ್ನ, ಆಗುಂಬೆಯ ಹದಿನಾಲ್ಕು ತಿರುವು ಶುರುವಾಗುವ ಮುನ್ನ ಕಾರು ಬದಿಗೆ ನಿಲ್ಲಿಸುತ್ತೇನೆ. ಐದು ನಿಮಿಷದ ಕೆಲಸ. ಘಾಟಿಯ ನಡುವೆ ತೊಂದರೆ ಕೊಡುವ ಸಂಗತಿಗಳಲ್ಲಿ ಬಹುಪಾಲನ್ನು ಮೇಲೆಯೇ ಸರಿಮಾಡಿಕೊಳ್ಳಬಹುದು, ತಿರುವಿನಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ.

ಮೊದಲು ನೋಡುವುದು ಚಾಲಕನ ಕಾಲಬುಡ. ನೀರಿನ ಬಾಟಲಿ, ಕೊಡೆ, ಬಿಚ್ಚಿಟ್ಟ ಚಪ್ಪಲಿ ಯಾವುದೂ ಅಲ್ಲಿರಬಾರದು. ಇಳಿಜಾರಿನಲ್ಲಿ ಎಲ್ಲವೂ ಮುಂದಕ್ಕೆ ಉರುಳುತ್ತವೆ, ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡ ಒಂದು ಬಾಟಲಿ ಸಾಕು, ಪೆಡಲು ಅರ್ಧಕ್ಕೇ ನಿಲ್ಲುತ್ತದೆ. ನೆಲಹಾಸು ಕೊಕ್ಕೆಗೆ ಸಿಕ್ಕಿಸಿದೆಯೇ ನೋಡಿ, ಒದ್ದೆಯಾದ ಪಾದರಕ್ಷೆಯ ತಳ ಒರೆಸಿಕೊಳ್ಳುತ್ತೇನೆ. ಆಮೇಲೆ ಎಂಜಿನ್ ಚಾಲೂ ಇಟ್ಟು ಬ್ರೇಕನ್ನು ಜೋರಾಗಿ ಒತ್ತಿ ಹತ್ತು ಎಣಿಸುವಷ್ಟು ಹೊತ್ತು ಹಿಡಿಯುತ್ತೇನೆ. ಪೆಡಲು ಒಂದೇ ಕಡೆ ಗಟ್ಟಿಯಾಗಿ ನಿಲ್ಲಬೇಕು. ಮೆಲ್ಲಗೆ ಕೆಳಕ್ಕೆ ಇಳಿಯುತ್ತ ಹೋದರೆ ಎಲ್ಲೋ ಬ್ರೇಕ್ ಆಯಿಲ್ ಸೋರುತ್ತಿದೆ ಅಥವಾ ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಆ ಕಾರು ಅಂದು ಘಾಟಿ ಇಳಿಯಬಾರದು.

ಟೈರಿನ ಗೀರುಗಳಿಗೆ ಕಾನೂನಿನ ಕನಿಷ್ಠ ಆಳ 1.6 ಮಿಲಿಮೀಟರ್. ಮಳೆಗಾಲಕ್ಕೆ ಅದು ಸಾಲದು. 3 ಮಿಲಿಮೀಟರಿಗೆ ಬಂದಾಗಲೇ ನಾನು ಬದಲಿಸುತ್ತೇನೆ, ಏಕೆಂದರೆ ನೀರನ್ನು ಪಕ್ಕಕ್ಕೆ ತಳ್ಳುವುದು ಆ ಗೀರುಗಳೇ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಬೇಕು, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಅಂಕಿಗೇ ಹೊಂದಿಸಬೇಕು. ಹೆಚ್ಚು ತುಂಬಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟಿ ಹಿಡಿತ ಕಡಿಮೆಯಾಗುತ್ತದೆ.

ಇನ್ನು ಗೇರು. ಇಡೀ ಇಳಿಕೆಯ ಜೀವಾಳ ಇದೇ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ. ಗೇರ್ ಸರಿಯಿದೆಯೇ ಎಂದು ತಿಳಿಯಲು ಬ್ರೇಕ್, ಆಕ್ಸಿಲರೇಟರ್ ಎರಡೂ ಪೆಡಲುಗಳಿಂದ ಕಾಲು ತೆಗೆಯಿರಿ. ಕಾರಿನ ವೇಗ ಏರದಿದ್ದರೆ ಗೇರ್ ಸರಿ, ಏರುತ್ತಿದ್ದರೆ ಇನ್ನೊಂದು ಕೆಳಗೆ ಹಾಕಬೇಕು. ಶಿರಾಡಿಯ ಉದ್ದನೆಯ ಇಳಿಜಾರಿಗೆ ಸಾಮಾನ್ಯವಾಗಿ ಮೂರು, ಆಗುಂಬೆಯ ತಿರುವುಗಳಿಗೆ ಎರಡು, ಕಾರು ತುಂಬಿದ್ದರೆ ಅತಿ ಕಡಿದಾದ ತಿರುವಿನಲ್ಲಿ ಒಂದು. ಎಂಜಿನ್ ಸದ್ದು ಜೋರಾದರೆ ಹೆದರಬೇಕಿಲ್ಲ. ನಿಮಿಷಕ್ಕೆ ಮೂರು ಸಾವಿರ ಸುತ್ತು ಅದಕ್ಕೆ ಭಾರವಲ್ಲ.

ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಅದು ತಿರುಗುಮುರುಗು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಬಹುತೇಕ ನಿಂತೇ ಹೋಗುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತನ್ನ ಪಾಡಿಗೆ ಇಂಧನ ಕುಡಿಯುತ್ತಿರುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಆ ಭಾರ ಶಾಖವಾಗಿ, ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಆದರೆ ಅದು ಗಾಳಿಯ ತೇವ ಹೀರುತ್ತಲೇ ಇರುತ್ತದೆ, ತೇವ ಸೇರಿದ ಆಯಿಲ್‌ಗೆ ಮಾನಕ ಹೇಳುವ ಕನಿಷ್ಠ ಮಿತಿ 155 ಡಿಗ್ರಿ. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತವೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲು ಸ್ಪಂಜಿನಂತಾಗಿ ಒಳಗೆ ಹೋಗುತ್ತದೆ. ಮಲೆನಾಡಿನ ತೇವದಲ್ಲಿ ಓಡುವ ಕಾರಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ನಾನು ಎಂದೂ ಮುಂದೂಡುವುದಿಲ್ಲ. ಪೂರ್ತಿ ಸರ್ವಿಸಿನ ಖರ್ಚಿನ ಮುಂದೆ ಅದು ಚಿಲ್ಲರೆ ಹಣ.

ಬ್ರೇಕ್ ಹಿಡಿಯಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಬೇಕು. ಉದ್ದಕ್ಕೂ ಕಾಲು ತಾಗಿಸಿಕೊಂಡೇ ಇದ್ದರೆ ಪ್ಯಾಡು ತಣಿಯಲು ಬಿಡುವೇ ಸಿಗದು. ಸುಟ್ಟ ವಾಸನೆ ಬಂದರೆ ಮುಂದಿನ ಅಗಲ ಜಾಗದಲ್ಲಿ, ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೆ ನಿಲ್ಲಿಸಿ. ಮಣ್ಣು ಜರಿಯುವಂತಿರುವ ಕಡೆ ಮಾತ್ರ ನಿಲ್ಲಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಹೊರಡುವ ಮುನ್ನ ಆ ಕಲ್ಲನ್ನು ರಸ್ತೆಯಾಚೆ ಎಸೆಯಲೇಬೇಕು. ಕೆಟ್ಟ ಲಾರಿಗೆ ಇಟ್ಟ ಕಲ್ಲು ಹಾಗೇ ಉಳಿದು, ರಾತ್ರಿ ಬರುವ ಬೈಕಿನವರ ಪ್ರಾಣಕ್ಕೆ ಎರವಾಗುತ್ತದೆ. ಅದೇ ಲಾರಿಯವರು ರಸ್ತೆಯಲ್ಲಿ ಹಾಕಿಟ್ಟ ಹಸಿರು ಸೊಪ್ಪು ಕಂಡರೆ ಮುಂದಿನ ತಿರುವಿನಾಚೆ ಗಾಡಿ ಕೆಟ್ಟು ನಿಂತಿದೆ ಎಂದೇ ಅರ್ಥ.

ಆಟೊಮ್ಯಾಟಿಕ್ ಕಾರುಗಳಲ್ಲಿ ಸಾಮಾನ್ಯ ಓಟದ ಡಿ ಬಿಟ್ಟು, ಕೆಳ ಗೇರಿನ ಎಲ್ ಅಥವಾ ಮ್ಯಾನುಯಲ್ ಸ್ಥಾನಕ್ಕೆ ಹಾಕಬೇಕು. ವಿದ್ಯುತ್ ಕಾರಿನವರು ಘಾಟಿಯ ಮೇಲೆಯೇ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬಾರದು. ಬ್ಯಾಟರಿ ತುಂಬಿದ್ದರೆ ಮೋಟಾರ್ ಕಾರನ್ನು ತಡೆಯುತ್ತ ವಾಪಸ್ ಕೊಡುವ ವಿದ್ಯುತ್ತಿಗೆ ಜಾಗವಿರದು, ಆ ಹಿಡಿತ ಕೈಕೊಡುತ್ತದೆ.

ವೇಗದ ಲೆಕ್ಕ ನನ್ನ ತಲೆಯಲ್ಲಿ ಹೀಗಿದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 25 ಮೀಟರ್ ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 35 ಮೀಟರ್, ಇಳಿಜಾರಿದ್ದರೆ ಅದಕ್ಕೂ ಹೆಚ್ಚು. ಅದೇ 40ರಲ್ಲಿ ಒಟ್ಟು 35 ಮೀಟರಿನೊಳಗೆ ಮುಗಿಯುತ್ತದೆ. ಹಾಗಾಗಿ ಮುಂದೆ ಎಷ್ಟು ದೂರ ರಸ್ತೆ ಕಾಣುತ್ತದೋ ಅದರ ಅರ್ಧದೊಳಗೆ ನಿಲ್ಲುವಷ್ಟೇ ವೇಗ ಇಟ್ಟುಕೊಳ್ಳುತ್ತೇನೆ. ಉಳಿದರ್ಧ ಎದುರಿನಿಂದ ಬರುವವನಿಗೆ ಬೇಕು. ಮಂಜು ದಟ್ಟವಾಗಿ ಕವಿದ ಚಾರ್ಮಾಡಿಯಲ್ಲಿ ಅದು ಕೆಲವೊಮ್ಮೆ 15ಕ್ಕೂ ಇಳಿಯುತ್ತದೆ, ಇಳಿಯಲಿ. ಫೋನಿನ ಪರದೆಯತ್ತ ಎರಡು ಸೆಕೆಂಡ್ ನೋಡಿದರೆ 60ರಲ್ಲಿ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ, ಆದ್ದರಿಂದ ಫೋನು ಹಿಂದಿನ ಸೀಟಿನವರ ಕೈಗೆ ಹೋಗುತ್ತದೆ.

ಬ್ರೇಕ್, ಗೇರ್ ಎರಡೂ ತಿರುವಿಗೆ ಮುನ್ನ, ಚಕ್ರ ನೇರವಿರುವಾಗಲೇ ಮುಗಿಯಬೇಕು. ಹಗಲು ಹಾರ್ನ್, ರಾತ್ರಿ ಡಿಪ್ಪರ್. ಎದುರಿನಿಂದ ಬಸ್ಸೋ ಉದ್ದದ ಲಾರಿಯೋ ಹತ್ತುತ್ತಿದ್ದರೆ ತಿರುವಿನ ಮೊದಲೇ ನಿಂತುಬಿಡುತ್ತೇನೆ. ಅವರಿಗೆ ರಸ್ತೆಯ ಪೂರ್ತಿ ಅಗಲ ಬೇಕು, ಹಿಂದಿನ ಚಕ್ರ ಒಳಗಿನ ಅಂಚು ಕತ್ತರಿಸಿಕೊಂಡು ಬರುತ್ತದೆ. ಕಿರಿದಾದ ಜಾಗದಲ್ಲಿ ಹತ್ತುವವರಿಗೇ ಮೊದಲ ದಾರಿ ಎಂದು 2017ರ ಚಾಲನಾ ನಿಯಮಾವಳಿಯೂ ಹೇಳುತ್ತದೆ.

ಮಳೆಯಲ್ಲಿ ಅತಿ ಜಾರುವುದು ಮೊದಲ ಅರ್ಧ ಗಂಟೆ. ಬೇಸಿಗೆಯ ಎಣ್ಣೆ, ಧೂಳು ನೀರಿಗೆ ಸೇರಿ ಲೋಳೆಯಾಗುತ್ತದೆ. ಜುಲೈ ಹೊತ್ತಿಗೆ ಅಂಚಿನಲ್ಲಿ ಪಾಚಿ, ಕೊಳೆತ ಎಲೆ. ಟಾರಿನ ಅಂಚು ತುಂಡಾಗಿ ಎಡಚಕ್ರ ಕೆಳಗೆ ಬಿದ್ದರೆ ಸ್ಟೀರಿಂಗ್ ಜಗ್ಗಬೇಡಿ. ಜಗ್ಗಿದರೆ ಚಕ್ರ ಅಂಚು ಹತ್ತಿದ ಕ್ಷಣ ಕಾರು ಎದುರು ದಿಕ್ಕಿಗೆ ನುಗ್ಗುತ್ತದೆ. ನೇರವಾಗಿ ಹಿಡಿದು ವೇಗ ಇಳಿಸಿ, ಅಂಚು ತಗ್ಗಿರುವ ಕಡೆ ನಿಧಾನ ಹತ್ತಿಸಿ. ಮಂಜಿನಲ್ಲಿ ಲೋ ಬೀಮ್ ಮಾತ್ರ, ಹೈ ಬೀಮ್ ಹಾಕಿದರೆ ಬಿಳಿ ಗೋಡೆ. ಓಡುವಾಗ ಹಜಾರ್ಡ್ ದೀಪ ಬೇಡ, ಹಿಂದಿನವರಿಗೆ ನಿಮ್ಮ ಇಂಡಿಕೇಟರ್ ತಿಳಿಯುವುದಿಲ್ಲ. ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ, ಹೊರಗಾಳಿ ಬರುವಂತೆ ಗುಂಡಿ ಬದಲಿಸಿ.

ಗುಂಡ್ಯದಲ್ಲೋ ಸೋಮೇಶ್ವರದಲ್ಲೋ ಇಳಿದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ಶಾಖ ನೋಡುತ್ತೇನೆ, ಮುಟ್ಟುವುದಿಲ್ಲ. ಮುಂದಿನವು ಹಿಂದಿನವಕ್ಕಿಂತ ಬಿಸಿಯಿರುವುದು ಸಹಜ. ಆದರೆ ಮುಂದಿನ ಎಡಕ್ಕಿಂತ ಬಲ ತೀರಾ ಬಿಸಿಯಿದ್ದರೆ ಅಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಗಿ ಹಿಡಿದಿರುವ ಸಾಧ್ಯತೆ ಹೆಚ್ಚು. ಊರಿಗೆ ಮರಳಲು ಮತ್ತೆ ಘಾಟಿಗೆ ಬರುವ ಮುನ್ನ ಅದನ್ನು ಬಿಚ್ಚಿಸಿ, ಪಿನ್ನು ತೊಳೆಸಿ, ಗ್ರೀಸ್ ಹಾಕಿಸುತ್ತೇನೆ.