ಟೈಮ್‌ಶೇರ್ ಕೊಳ್ಳುವ ಮೊದಲು ನಾನು ಹಾಕಿದ ಲೆಕ್ಕ

ಟೈಮ್‌ಶೇರ್ ಅಂದರೆ ರೆಸಾರ್ಟ್‌ನಲ್ಲಿ ಪ್ರತಿ ವರ್ಷ ಕೆಲವು ರಾತ್ರಿ ತಂಗುವ ಹಕ್ಕನ್ನು ಮೊದಲೇ ಕೊಂಡುಬಿಡುವುದು. ನಮಗೆ ಹೇಳಿದ್ದು ವರ್ಷಕ್ಕೆ 7 ರಾತ್ರಿ, 25 ವರ್ಷ, ಒಂದೇ ಸಲ ದುಡ್ಡು. ಕೇಳಿದಾಗ ನನಗೂ ನನ್ನ ಹೆಂಡತಿಗೂ ಹಿಡಿಸಿತ್ತು. ಮಕ್ಕಳಂತೂ ಬ್ರೋಷರ್‌ನಲ್ಲಿದ್ದ ಈಜುಕೊಳ ನೋಡಿ ಕುಣಿದಾಡಿದರು. ಆದರೆ 'ಇವತ್ತೇ ಸಹಿ ಹಾಕಿದರೆ ಮಾತ್ರ ಈ ರಿಯಾಯಿತಿ' ಎಂದು ಮಾರುವವರು ಅಂದಾಗ ಅಳುಕು ಶುರುವಾಯಿತು. 25 ವರ್ಷದ ಕರಾರಿಗೆ ಒಂದು ರಾತ್ರಿಯಾದರೂ ಯೋಚಿಸಬೇಡವೇ? ಯುರೋಪಿಯನ್ ಒಕ್ಕೂಟದಲ್ಲಿ ಸಹಿ ಹಾಕಿದ ಮೇಲೂ ಹಿಂದೆ ಸರಿಯಲು ಕಾನೂನೇ 14 ದಿನ ಕೊಡುತ್ತದೆ. ಕರಾರಿನ ಪ್ರತಿ ಇಸಿದುಕೊಂಡು ಮನೆಗೆ ಬಂದೆವು.

ಓದಿದಾಗ ಮೊದಲು ಕಂಡದ್ದು ವಾರ್ಷಿಕ ನಿರ್ವಹಣಾ ಶುಲ್ಕ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಏರಿಕೆಗೆ ಮಿತಿಯೂ ಇರಲಿಲ್ಲ. ವರ್ಷಕ್ಕೆ ಶೇ. 5ರಂತೆ ಏರಿದರೂ ಅದು 14 ವರ್ಷ ದಾಟುವಷ್ಟರಲ್ಲಿ ದುಪ್ಪಟ್ಟಾಗುತ್ತದೆ.

ಸದಸ್ಯತ್ವದ ಬೆಲೆ 100 ಎಂದಿಟ್ಟುಕೊಂಡೆ. ಅದೇ ಅಳತೆಯಲ್ಲಿ ಮೊದಲ ವರ್ಷದ ಶುಲ್ಕ 4. ಅಂಥದ್ದೇ ರೂಮನ್ನು 7 ರಾತ್ರಿಗೆ ನಾವೇ ಬುಕ್ ಮಾಡಿದರೆ 10. ಎರಡೂ ವರ್ಷಕ್ಕೆ ಶೇ. 5ರಷ್ಟು ಏರುತ್ತವೆ, ಅದೇ 100ನ್ನು ಠೇವಣಿ ಇಟ್ಟರೆ ಶೇ. 7 ಬಡ್ಡಿ ಬರುತ್ತದೆ ಎಂದುಕೊಂಡೆ. ರೂಮಿನ ಬಾಡಿಗೆಯಲ್ಲಿ ಶುಲ್ಕ ಕಳೆದರೆ ಉಳಿಯುವುದೇ ಆ ವರ್ಷದ ಉಳಿತಾಯ. ಮುಂದೆ ಸಿಗುವ ದುಡ್ಡಿಗೆ ಇವತ್ತು ಬೆಲೆ ಕಮ್ಮಿ, ಹಾಗಾಗಿ 25 ವರ್ಷಗಳ ಉಳಿತಾಯವನ್ನು ಆ ಬಡ್ಡಿ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿ ಕೂಡಿದೆ. ಸುಮಾರು 113 ಬಂತು, ಅಂದರೆ ಹಾಕುವ 100ಕ್ಕಿಂತ ಹೆಚ್ಚು. ನಷ್ಟವೇ ಬರುತ್ತದೆ ಅಂದುಕೊಂಡಿದ್ದವನಿಗೆ ಆಶ್ಚರ್ಯವಾಯಿತು. ತಪ್ಪಿದೆಯೇನೋ ಎಂದು ಎರಡು ಸಲ ಕೂಡಿ ನೋಡಿದೆ. ತಪ್ಪಿರಲಿಲ್ಲ.

ಆಗ ಹೆಂಡತಿ ಕೇಳಿದಳು, 'ಪ್ರತಿ ವರ್ಷ ಹೋಗ್ತೀವಾ ನಾವು?'

ಹಳೆಯ ಫೋಟೋಗಳನ್ನು ತೆಗೆದು ಎಣಿಸಿದೆವು. ಕಳೆದ 10 ವರ್ಷಗಳಲ್ಲಿ ನಾವು ವಾರಪೂರ್ತಿ ಪ್ರವಾಸ ಹೋದದ್ದು 6 ಸಲ. ಒಮ್ಮೆ ಪರೀಕ್ಷೆ, ಒಮ್ಮೆ ಹೆರಿಗೆ, ಎರಡು ಸಲ ರಜೆ ಸಿಗಲಿಲ್ಲ. ಆ ಲೆಕ್ಕದಲ್ಲಿ 113 ಇದ್ದದ್ದು ಸುಮಾರು 38ಕ್ಕೆ ಇಳಿಯಿತು. ಹಾಕಿದ 100 ವಾಪಸಾಗಬೇಕಾದರೆ 10ರಲ್ಲಿ 9 ವರ್ಷ ಹೋದರೂ ಸಾಲದು. ಉಪಯೋಗಿಸದ ವಾರವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದಿತ್ತು, ನಿಜ. ಆದರೆ ಒಂದೇ ವರ್ಷ 14 ರಾತ್ರಿ ರಜೆ ನನಗೆ ಯಾರು ಕೊಡುತ್ತಾರೆ? ಅಲ್ಲದೆ ನಾವು ಹೋಗಿದ್ದು ಆರಕ್ಕೆ ಆರೂ ಶಾಲೆಯ ರಜೆಯಲ್ಲಿ. ನಮಗೆ ಹೇಳಿದ ಬೆಲೆಗೆ ಸಿಗುತ್ತಿದ್ದದ್ದು ಜನ ಕಮ್ಮಿ ಇರುವ ತಿಂಗಳುಗಳು.

ಮರುಮಾರಾಟದ ಜಾಹೀರಾತುಗಳನ್ನೂ ಹುಡುಕಿದೆ. ಅದೇ ಬಗೆಯ ಸದಸ್ಯತ್ವ ಮೂರನೇ ಒಂದು ಭಾಗದ ಬೆಲೆಗಿತ್ತು. ಆ ಬೆಲೆಗಾದರೆ ನಮ್ಮ 6 ಸಲದ ಲೆಕ್ಕಕ್ಕೂ ಹೊಂದುತ್ತಿತ್ತು. ಆದರೆ ಬೇರೆ ರೆಸಾರ್ಟ್‌ಗೆ ಬದಲಾಯಿಸಿಕೊಳ್ಳುವ ಸೌಲಭ್ಯ ಎರಡನೇ ಕೈಗೆ ದಾಟುವುದಿಲ್ಲ ಎಂದು ನಿಯಮದಲ್ಲಿತ್ತು. 25 ವರ್ಷ ಒಂದೇ ಜಾಗಕ್ಕೆ ಹೋಗಲು ನಮಗ್ಯಾರಿಗೂ ಮನಸ್ಸಿರಲಿಲ್ಲ.

ಬೇಡವೆಂದು ತಿಳಿಸಿ, ಪ್ರವಾಸಕ್ಕೆಂದೇ ಬೇರೆ ಖಾತೆ ತೆರೆದೆವು. ಹೋದ ವರ್ಷ ಅಪ್ಪನಿಗೆ ಶಸ್ತ್ರಚಿಕಿತ್ಸೆಯಾಯಿತು, ಎಲ್ಲಿಗೂ ಹೋಗಲಿಲ್ಲ. ಆ ಖಾತೆಯಲ್ಲಿದ್ದ ದುಡ್ಡು ಅವರ ಔಷಧಕ್ಕೆ ಆಯಿತು.