ಅಂಕದ ಶೀಟನ್ನು ಹುಡುಗಿಯರ ಕೈಗೇ ಕೊಟ್ಟೆ

ನಾನು ಮಂಗಳೂರಿನಲ್ಲಿ ಹುಡುಗಿಯರಿಗೆ ರ‍್ಯಾಂಪ್ ವಾಕ್ ಕಲಿಸುತ್ತೇನೆ. ವೇದಿಕೆ ಮೇಲೆ ಮಾತಾಡೋದನ್ನೂ ಕಲಿಸುತ್ತೇನೆ. 2022ರ ಜುಲೈನಲ್ಲಿ ಕರ್ನಾಟಕದ ಹೆಸರಲ್ಲಿ ನಿಂತಿದ್ದ ಸಿನಿ ಶೆಟ್ಟಿ ಫೆಮಿನಾ ಮಿಸ್ ಇಂಡಿಯಾ ಗೆದ್ದ ಮೇಲೆ ನನ್ನ ಹತ್ತಿರ ಬರುವವರು ಜಾಸ್ತಿಯಾದರು. ಬಂದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ಅಕ್ಕಾ, ಆಯ್ಕೆ ನಿಜವಾಗಿ ಹೇಗೆ ಮಾಡ್ತಾರೆ? ಎಲ್ಲ ಮೊದಲೇ ಫಿಕ್ಸ್ ಆಗಿರುತ್ತಂತೆ, ಹೌದಾ?"

ನನಗೆ 21 ವರ್ಷ ಆಗಿದ್ದಾಗ ಒಂದು ರಾಷ್ಟ್ರಮಟ್ಟದ ಸ್ಪರ್ಧೆಯ ಆಡಿಷನ್‌ಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೇ ಹೋಟೆಲಿನ ಹೊರಗೆ ಸಾಲು. ಸೊಂಟಕ್ಕೆ 114 ಅಂತ ಒಂದು ಸ್ಟಿಕ್ಕರ್ ಅಂಟಿಸಿದರು. ಗೋಡೆ ಮೇಲೆ 5 ಅಡಿ 5 ಇಂಚಿಗೆ ಒಂದು ಗೆರೆ ಎಳೆದಿದ್ದರು. ಅದಕ್ಕಿಂತ ಕುಳ್ಳಗಿದ್ದವರು ಅಲ್ಲಿಂದಲೇ ವಾಪಸ್. ಅವರು ಅಳುತ್ತಾ ಹೋದರು ನಿಜ, ಆದರೆ ಯಾಕೆ ಅಂತ ಗೊತ್ತಿತ್ತು. ಇಡೀ ದಿನದಲ್ಲಿ ಎಲ್ಲರಿಗೂ ಕಾಣುವಂತೆ ನಡೆದದ್ದು ಅದೊಂದೇ.

ಆಮೇಲೆ ಒಂದು ರೂಮು, ಮೂವರು ಕುಳಿತಿದ್ದರು, ಒಂದೂವರೆ ನಿಮಿಷ. ಸಂಜೆ ಒಬ್ಬರು ಹೊರಗೆ ಬಂದು ಚೀಟಿ ನೋಡಿ ಎಂಟು ನಂಬರ್ ಓದಿದರು. ನನ್ನದು ಇರಲಿಲ್ಲ. ಅದರಲ್ಲಿ ಒಂದು ನಂಬರ್ ಮುನ್ನೂರರ ಮೇಲಿತ್ತು. ನಮ್ಮ ಸಾಲಿನ ಕೊನೆಯ ಸ್ಟಿಕ್ಕರ್ 212. ಆ ಹುಡುಗಿಯನ್ನು ನೇರವಾಗಿ ಕರೆಸಿದ್ದರು ಅಂತ ಆಮೇಲೆ ಗೊತ್ತಾಯಿತು. ಅವಳು ಚೆನ್ನಾಗಿಯೇ ನಡೆಯುತ್ತಿದ್ದಳು. ಏಜೆನ್ಸಿ ಮೂಲಕ ಹುಡುಕಿ ಕರೆಸೋದೂ ಈ ಕ್ಷೇತ್ರದಲ್ಲಿ ಹೊಸದಲ್ಲ, ತಪ್ಪೂ ಅಲ್ಲ. ಬೆಳಗಿನಿಂದ ಬಿಸಿಲಲ್ಲಿ ನಿಂತವರಿಗೆ ಅದನ್ನು ಹೇಳಲಿಲ್ಲವಲ್ಲ, ತಪ್ಪು ಅದು.

ಮರುವರ್ಷ ಬೇರೆ ಸ್ಪರ್ಧೆಯಲ್ಲಿ ಆಯ್ಕೆಯಾದೆ. ಒಂದು ಕರಾರಿಗೆ ಸಹಿ ಹಾಕಿಸಿಕೊಂಡರು. ಅವರೇ ಘೋಷಿಸುವ ತನಕ ಯಾರಿಗೂ ಹೇಳುವಂತಿಲ್ಲ. ಅಮ್ಮ ದೊಡ್ಡಮ್ಮನಿಗೂ ಹೇಳಲಿಲ್ಲ, ಬೆಂಗಳೂರಲ್ಲಿ ಏನೋ ಕೋರ್ಸ್ ಅಂತ ಸುಳ್ಳು ಹೇಳಿದರು. ಮೂರು ವಾರ ಆದ ಮೇಲೆ ಒಂದು ಫೋನ್ ಬಂತು. "ಲಿಸ್ಟ್ ಬದಲಾಗಿದೆ." ಅಷ್ಟೇ. ಯಾಕೆ ಅಂತ ಕೇಳಿದ್ದಕ್ಕೆ ಅದು ಗೋಪ್ಯ ಅಂದರು. ಆಯ್ಕೆಯಾಗಿದ್ದೇ ಯಾರಿಗೂ ಗೊತ್ತಿಲ್ಲ, ಇನ್ನು ಕೈಬಿಟ್ಟರು ಅಂತ ಯಾರ ಹತ್ತಿರ ಹೋಗಿ ಅಳೋದು? ಗುಟ್ಟು ಯಾರನ್ನು ಕಾಪಾಡುತ್ತದೆ, ಯಾರನ್ನು ಒಂಟಿ ಮಾಡುತ್ತದೆ ಅಂತ ನನಗೆ ಅವತ್ತು ಅರ್ಥವಾಯಿತು.

ಹಿಂದೆ ಹೀಗಿರಲಿಲ್ಲ. 1994ರಲ್ಲಿ ಗೋವಾದಲ್ಲಿ ನಡೆದ ಮಿಸ್ ಇಂಡಿಯಾದಲ್ಲಿ ಸುಷ್ಮಿತಾ ಸೇನ್, ಐಶ್ವರ್ಯಾ ರೈ ಇಬ್ಬರಿಗೂ ಸಮ ಅಂಕ ಬಂದಾಗ ಮತ್ತೊಂದು ಪ್ರಶ್ನೆ ಕೇಳಿ ತೀರ್ಮಾನ ಮಾಡಿದ್ದು ಎಲ್ಲರ ಎದುರಿಗೇ. ಆಗಿನ ಮಿಸ್ ಯೂನಿವರ್ಸ್‌ನಲ್ಲಂತೂ ಅಂಕಗಳು ಟಿವಿ ಪರದೆ ಮೇಲೇ ಬರುತ್ತಿದ್ದವು. 2000ದಲ್ಲಿ ಸೈಪ್ರಸ್‌ನಲ್ಲಿ ಲಾರಾ ದತ್ತಾ ಗೆದ್ದಾಗಲೂ ಹಾಗೇ. ಈಗ ನೋಡಿ, 2025ರ ನವೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಫೈನಲ್ಸ್‌ಗೆ ಮೊದಲೇ ಮಿಸ್ ಯೂನಿವರ್ಸ್ ತೀರ್ಪುಗಾರರೊಬ್ಬರು, ಬೇರೆ ಗುಂಪೊಂದು ಗುಟ್ಟಾಗಿ 30 ಜನರನ್ನು ಆರಿಸಿಬಿಟ್ಟಿದೆ ಅಂತ ಆರೋಪಿಸಿ ಹೊರಗೆ ಹೋದರು. ಸಂಸ್ಥೆ ಅದನ್ನು ಅಲ್ಲಗಳೆಯಿತು. ಯಾರ ಮಾತನ್ನು ನಂಬೋದು ಅಂತ ನೋಡುವವರಿಗೆ ಗೊತ್ತಾಗಲಿಲ್ಲ. ಅಂಕ ಕಣ್ಣೆದುರು ಇದ್ದಿದ್ದರೆ ಅದನ್ನೇ ನೋಡಿ ಮಾತಾಡಬಹುದಿತ್ತು, ಅಲ್ವಾ?

ಕೆಲವು ವರ್ಷದ ಹಿಂದೆ ಒಂದು ಸ್ಪರ್ಧೆಯವರು ಕರಾವಳಿ ಭಾಗದ ಆಯ್ಕೆ ನೀವೇ ನಡೆಸಿಕೊಡಿ ಅಂದರು. ಬಂದವರು 63 ಹುಡುಗಿಯರು. ಆರು ಜನರನ್ನು ಬೆಂಗಳೂರಿಗೆ ಕಳಿಸಬೇಕು. ಒಂದು ಷರತ್ತು ಹಾಕಿದೆ. ಪ್ರತಿ ಹುಡುಗಿಗೂ ಅವಳ ಅಂಕದ ಶೀಟಿನ ಪ್ರತಿ ಕೊಡುತ್ತೇನೆ ಅಂದೆ. ತುಂಬಾ ವಾದ ಆಯಿತು. ವಾಟ್ಸಾಪ್‌ನಲ್ಲಿ ಹರಿದಾಡುತ್ತೆ, ತೀರ್ಪುಗಾರರಿಗೆ ತೊಂದರೆ ಅಂದರು. ಒಬ್ಬ ತೀರ್ಪುಗಾರರು ಬರೋದೇ ಇಲ್ಲ ಅಂದುಬಿಟ್ಟರು. ಬೇರೆಯವರನ್ನು ಕರೆದೆ.

ಎಲ್ಲವನ್ನೂ ತೆರೆದಿಡಬೇಕು ಅಂತ ನಾನು ಹೇಳುವುದಿಲ್ಲ. ತೀರ್ಪುಗಾರರ ಹೆಸರನ್ನು ಆ ದಿನ ಬೆಳಿಗ್ಗೆ ತನಕ ಯಾರಿಗೂ ಹೇಳಲಿಲ್ಲ. ಹೇಳಿದರೆ ಫೋನ್ ಮಾಡೋರು ಇದ್ದೇ ಇರುತ್ತಾರೆ. ವಯಸ್ಸಿನ ದಾಖಲೆ, ಪಾಸ್‌ಪೋರ್ಟ್ ಎಲ್ಲ ನೋಡಿ ಮುಗಿಯುವ ತನಕ, ಐದು ದಿನ, ಪಟ್ಟಿಯನ್ನೂ ಹೊರಗೆ ಬಿಡಲಿಲ್ಲ. ಆದರೆ ಶೀಟಿನ ಮೇಲೆ ಹೆಸರು ಇಲ್ಲ, ನಂಬರ್ ಮಾತ್ರ. ಐದು ತೀರ್ಪುಗಾರರು, ಒಬ್ಬೊಬ್ಬರದು 40 ಅಂಕ. ಅತಿ ಹೆಚ್ಚು ಕೊಟ್ಟವರದ್ದು, ಅತಿ ಕಡಿಮೆ ಕೊಟ್ಟವರದ್ದು ಬಿಟ್ಟು ನಡುವಿನ ಮೂರನ್ನು ಕೂಡಿಸೋದು. ನೇರವಾಗಿ ಕರೆಸಿದ ಇಬ್ಬರೂ ಅದೇ ಸಾಲಿನಲ್ಲಿ ನಿಂತರು.

ಪಟ್ಟಿ ಬಂದ ಮರುದಿನ ಏಳನೇ ಸ್ಥಾನದಲ್ಲಿದ್ದ ಹುಡುಗಿ ಅವಳ ಅಮ್ಮನ ಜೊತೆ ನಮ್ಮ ಕ್ಲಾಸಿಗೆ ಬಂದಳು. ಅಮ್ಮ ಮೀನು ಮಾರ್ಕೆಟ್‌ನಿಂದ ನೇರ ಬಂದಿದ್ದರು, ಕೈಯಲ್ಲಿ ಬುಟ್ಟಿ ಇನ್ನೂ ಇತ್ತು. ಶೀಟನ್ನು ಮೇಜಿನ ಮೇಲೆ ಹರಡಿ ಒಬ್ಬ ತೀರ್ಪುಗಾರರ ಅಂಕಗಳ ಸಾಲಿನ ಮೇಲೆ ಬೆರಳಿಟ್ಟರು. "ಮೇಡಂ, ಎಂಟು, ಏಳು, ಒಂಬತ್ತು, ಏಳು. ಕೂಡಿಸಿದರೆ ಎಷ್ಟಾಗುತ್ತೆ?"

ಮೂವತ್ತೊಂದು. ಶೀಟಿನಲ್ಲಿ ಇಪ್ಪತ್ತೊಂದು ಅಂತಿತ್ತು. ಕೂಡಿಸಿದ್ದು ನಾನೇ.

ಉಳಿದ ನಾಲ್ವರು ತೀರ್ಪುಗಾರರು ಅವಳಿಗೆ ಕೊಟ್ಟಿದ್ದು 26, 27, 29, 30. ನನ್ನ ಲೆಕ್ಕದಲ್ಲಿ 21 ಮತ್ತು 30 ಬಿಟ್ಟು 82 ಬಂದಿತ್ತು. ಸರಿಯಾಗಿ ಮಾಡಿದರೆ 26 ಮತ್ತು 31 ಹೋಗಿ 86. ಆರನೆಯವಳಿಗೆ ಬಂದಿದ್ದದ್ದು 84. ಎದೆ ಧಸಕ್ಕೆಂದಿತು. ಆ ಅಮ್ಮನ ಮುಂದೆಯೇ ಆಯೋಜಕರಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. ಆರನೆಯವಳಿಗೆ ಆಗಲೇ ಹೇಳಿಯಾಗಿತ್ತು, ನನ್ನ ತಪ್ಪಿಗೆ ಅವಳನ್ನು ಕೈಬಿಡೋದು ನ್ಯಾಯ ಅಲ್ಲ. ಏಳು ಜನರನ್ನು ಕಳಿಸುತ್ತೇನೆ ಅಂತ ಹಟ ಹಿಡಿದೆ. ಒಂದು ಗಂಟೆ ಮಾತಾಡಿ ಒಪ್ಪಿಕೊಂಡರು. ಉಳಿದ ಶೀಟುಗಳನ್ನು ಆ ರಾತ್ರಿ ಇಬ್ಬರು ಕೂತು ಮತ್ತೆ ಕೂಡಿಸಿದೆವು. ಬೇರೆ ತಪ್ಪು ಇರಲಿಲ್ಲ. ಅಂದಿನಿಂದ ಕೂಡಿಸುವುದಕ್ಕೆ ಯಾವಾಗಲೂ ಇಬ್ಬರು.

ಶೀಟು ಕೊಡದೇ ಇದ್ದಿದ್ದರೆ ಈ ತಪ್ಪು ನನಗೂ ಗೊತ್ತಾಗುತ್ತಿರಲಿಲ್ಲ.

ಆ ಹುಡುಗಿ ಬೆಂಗಳೂರಿಗೆ ಹೋಗಿ ಬಂದಳು. ಅಲ್ಲಿ ಆಯ್ಕೆಯಾಗಲಿಲ್ಲ. ಬಸ್ಸು ಇಳಿದು ನೇರ ಕ್ಲಾಸಿಗೇ ಬಂದಿದ್ದಳು. ಬ್ಯಾಗ್ ಇಟ್ಟು, ನೀರು ಕುಡಿದು, ಕೇಳಿದಳು.

"ಅಕ್ಕಾ, ಅಲ್ಲಿಯ ಶೀಟು ಯಾವಾಗ ಕೊಡ್ತಾರೆ?"